ಲಿವರ್ ಕಸಿ ಆದ ಮೇಲಿನ ವರ್ಷಗಳು

ನಾನು ಹಾಸನ ಜಿಲ್ಲೆಯ ಒಬ್ಬ ಸ್ಟ್ರಿಂಜರ್. ಸುದ್ದಿ ಲೆಕ್ಕದಲ್ಲಿ ದುಡ್ಡು, ಪೆಟ್ರೋಲ್ ನಮ್ಮದೇ. ಅರಸೀಕೆರೆ, ಬೇಲೂರು, ಹಳೇಬೀಡು ಸುತ್ತುವುದು ಕೆಲಸ. ಕೊಬ್ಬರಿ ಹರಾಜು, ಕಾಡಾನೆ, ಕೆರೆ ಏರಿ, ಜಾತ್ರೆ, ಬೈಕ್ ಅಪಘಾತ, ಇವು ದಿನಾ ಕಳಿಸುವ ಸುದ್ದಿಗಳು. ವರ್ಷಕ್ಕೆ ಒಂದೆರಡು ಸಲ ಅಂಗಾಂಗ ದಾನದ ಸುದ್ದಿ ಬರುತ್ತದೆ. ಅದನ್ನು ಬರೆಯಲು ಹೆಚ್ಚು ಯೋಚಿಸಬೇಕಾಗಿಲ್ಲ. ‘ಸಾವಿನಲ್ಲೂ ಸಾರ್ಥಕತೆ’ ಎಂಬ ತಲೆಬರಹ, ಆಂಬುಲೆನ್ಸ್ ಫೋಟೊ, ಪೊಲೀಸರ ಜೀರೋ ಟ್ರಾಫಿಕ್, ಎಷ್ಟು ನಿಮಿಷಕ್ಕೆ ಬೆಂಗಳೂರು ಮುಟ್ಟಿತು ಎಂಬ ಲೆಕ್ಕ, ಕೊನೆಗೆ ‘ಐದು ಜನರ ಬಾಳಿಗೆ ಬೆಳಕು’. ಮಾರನೇ ದಿನ ಆ ಜಾಗದಲ್ಲಿ ಬೇರೆ ಸುದ್ದಿ.

ಆ ಐದು ಜನ ಆಮೇಲೆ ಏನಾದರು? ಎರಡನೇ ವರ್ಷ, ಐದನೇ ವರ್ಷ, ಹತ್ತನೇ ವರ್ಷ ಹೇಗಿದ್ದಾರೆ? ಇದನ್ನು ಡೆಸ್ಕ್ ಕೇಳುವುದಿಲ್ಲ. ಓದುವವರೂ ಕೇಳುವುದು ಕಡಿಮೆ. ನಮ್ಮ ಮನೆಯಲ್ಲಿ ಮಾತ್ರ ಈ ಪ್ರಶ್ನೆ ದಿನಾ ಬೆಳಿಗ್ಗೆ ಒಂಬತ್ತಕ್ಕೂ ರಾತ್ರಿ ಒಂಬತ್ತಕ್ಕೂ ಎದ್ದು ನಿಲ್ಲುತ್ತದೆ. ಅದು ನಮ್ಮ ಭಾವ ಮಾತ್ರೆ ತಗೊಳ್ಳುವ ಹೊತ್ತು. ಅವರಿಗೆ ಲಿವರ್ ಕಸಿ ಆಗಿ ಏಳು ವರ್ಷವಾಯಿತು. ಲಿವರ್ ಕೊಟ್ಟವಳು ನಮ್ಮ ಅಕ್ಕ.

ಕುಡಿಯದವರಿಗೂ ಬರುತ್ತದೆ

ಭಾವನದು ಅರಸೀಕೆರೆ ಹತ್ತಿರದ ಹಳ್ಳಿ. ನಾಲ್ಕು ಎಕರೆ ತೆಂಗಿನ ತೋಟ, ಎರಡು ಹಸು. ಹೆಂಡ, ಬ್ರಾಂದಿ ಮುಟ್ಟಿದವರಲ್ಲ. ಶುಗರ್ ಮಾತ್ರ ಹತ್ತು ವರ್ಷದಿಂದ ಇತ್ತು, ಅದಕ್ಕೆ ಸರಿಯಾಗಿ ಮಾತ್ರೆಯೂ ಇರಲಿಲ್ಲ. ಮೊದಲು ಕಾಲು ಊದಿತು. ಆಮೇಲೆ ಹೊಟ್ಟೆ ಉಬ್ಬಿತು. ಕಣ್ಣು ಹಳದಿಯಾದಾಗ ಕಾಮಾಲೆ ಎಂದು ಮೂರು ತಿಂಗಳು ನಾಟಿ ಔಷಧ ನಡೆಯಿತು, ಪಥ್ಯವೂ ನಡೆಯಿತು. ಒಂದು ರಾತ್ರಿ ರಕ್ತ ವಾಂತಿಯಾದಾಗ ಹಾಸನಕ್ಕೆ ಓಡಿದೆವು. ಅಲ್ಲಿಂದ ಬೆಂಗಳೂರು. ಲಿವರ್ ಗಟ್ಟಿಯಾಗಿ ಗಂಟುಗಂಟಾಗಿದೆ, ಇದಕ್ಕೆ ಸಿರೋಸಿಸ್ ಎನ್ನುತ್ತೇವೆ, ಕೊಬ್ಬು ತುಂಬಿದ ಲಿವರ್‌ನಿಂದ ಆದದ್ದು ಎಂದರು ಡಾಕ್ಟರು.

ಊರಿನವರು ಬೇರೆಯದೇ ಮಾತಾಡಿದರು. ‘ಒಳಗೊಳಗೇ ಕುಡೀತಿದ್ದ ಕಣ್ರೀ’ ಎಂದು. ಈ ಮಾತನ್ನು ಅಕ್ಕ ಏಳು ವರ್ಷದಿಂದ ಕೇಳುತ್ತಿದ್ದಾಳೆ. ಅದಕ್ಕೇ ಇಲ್ಲಿ ಬಿಡಿಸಿ ಹೇಳುತ್ತೇನೆ. ಲಿವರ್ ಹಾಳಾಗಲು ಹೆಂಡ ಒಂದು ದೊಡ್ಡ ಕಾರಣ, ನಿಜ. ಆದರೆ ಹೆಪಟೈಟಿಸ್ ಬಿ ಮತ್ತು ಸಿ ವೈರಸ್, ಶುಗರ್, ಬೊಜ್ಜು, ಹುಟ್ಟಿನಿಂದ ಬರುವ ತೊಂದರೆಗಳು, ಇವೂ ಕಾರಣ. ಹೆಪಟೈಟಿಸ್ ಬಿ ತಡೆಯುವ ಲಸಿಕೆಯನ್ನು ಮಕ್ಕಳಿಗೆ ಸರ್ಕಾರಿ ಆಸ್ಪತ್ರೆಯಲ್ಲೇ ಪುಕ್ಕಟೆ ಹಾಕುತ್ತಾರೆ. ಹೆಂಡ ಕುಡಿದು ಲಿವರ್ ಹಾಳಾದವರೂ ಮನುಷ್ಯರೇ, ಅವರಿಗೂ ಚಿಕಿತ್ಸೆ ಬೇಕು, ಅದು ಬೇರೆ ಮಾತು.

ಲಿವರ್ ಬರುವ ದಾರಿ ಎರಡು. ಒಂದು, ಮೆದುಳು ಸತ್ತವರಿಂದ. ಅದಕ್ಕೆ ಹೆಸರು ನೋಂದಾಯಿಸಿ ಸರದಿಯಲ್ಲಿ ಕಾಯಬೇಕು. ನಮ್ಮ ರಾಜ್ಯದಲ್ಲಿ ಈ ಪಟ್ಟಿ ನೋಡಿಕೊಳ್ಳುವುದು ‘ಜೀವಸಾರ್ಥಕತೆ’ ಎಂಬ ಸರ್ಕಾರಿ ಸಂಸ್ಥೆ. ಎರಡನೆಯದು, ಬದುಕಿರುವ ಹತ್ತಿರದ ಸಂಬಂಧಿ ತನ್ನ ಲಿವರಿನ ಒಂದು ಭಾಗ ಕೊಡುವುದು. ಅಂಗಾಂಗ ಕಸಿಗೆ ದೇಶದಲ್ಲಿ 1994ರಿಂದ ಕಾಯ್ದೆ ಇದೆ. ಗಂಡ, ಹೆಂಡತಿ, ಅಪ್ಪ, ಅಮ್ಮ, ಮಕ್ಕಳು, ಒಡಹುಟ್ಟಿದವರು, ಅಜ್ಜ, ಅಜ್ಜಿ, ಮೊಮ್ಮಕ್ಕಳು, ಇವರನ್ನು ಹತ್ತಿರದ ಸಂಬಂಧಿ ಎನ್ನುತ್ತದೆ ಕಾಯ್ದೆ. ಮಾರುವಂತಿಲ್ಲ, ಕೊಳ್ಳುವಂತಿಲ್ಲ.

ಭಾವನಿಗೆ ಕಾಯುವಷ್ಟು ದಿನ ಇರಲಿಲ್ಲ. ಅಕ್ಕನದು ಓ ಪಾಸಿಟಿವ್. ‘ನಂದೇ ತಗೊಳ್ಳಿ’ ಎಂದಳು. ಆಮೇಲೆ ಕಾಗದಪತ್ರದ ಓಡಾಟ. ಹಳ್ಳಿಯಲ್ಲಿ ಮದುವೆಯಾದವರ ಹತ್ತಿರ ಮದುವೆ ಸರ್ಟಿಫಿಕೇಟ್ ಎಲ್ಲಿರುತ್ತದೆ? ಮದುವೆ ಆಲ್ಬಂ, ರೇಷನ್ ಕಾರ್ಡು, ಮಕ್ಕಳ ಟಿಸಿ ಎಲ್ಲ ಒಟ್ಟು ಮಾಡಿ, ಕಮಿಟಿ ಮುಂದೆ ಇಬ್ಬರೂ ಕೂತು ಉತ್ತರ ಕೊಟ್ಟರು. ಯಾರ ಒತ್ತಾಯವೂ ಇಲ್ಲ ಎಂದು ಅಕ್ಕ ಕ್ಯಾಮೆರಾ ಮುಂದೆ ಹೇಳಿದಳು.

2018ರಲ್ಲಿ ಕಸಿ ಆಯಿತು. ರಸ್ತೆ ಪಕ್ಕದ ಒಂದು ಎಕರೆ ಹೋಯಿತು, ಸೊಸೈಟಿ ಸಾಲ ಆಯಿತು, ನೆಂಟರ ಕೈಗಡ ಆಯಿತು. ಬಿಪಿಎಲ್ ಕುಟುಂಬಗಳಿಗೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ಸರ್ಕಾರ ಲಿವರ್ ಕಸಿಗೆ 12 ಲಕ್ಷ ರೂಪಾಯಿವರೆಗೆ ಕೊಡುವ ಯೋಜನೆ ಮಾಡಿದೆ. ನಮ್ಮ ಭಾವನದು ಎಪಿಎಲ್ ಕಾರ್ಡು.

ಮಣ್ಣಿನಿಂದ ಬಂದ ಮಾತ್ರೆ

ಮಾವಿಗೆ, ಗುಲಾಬಿಗೆ ಕಸಿ ಕಟ್ಟುವವರಿಗೆ ಇದು ಬೇಗ ಅರ್ಥವಾಗುತ್ತದೆ. ಕಸಿ ಕಟ್ಟಿದ ಕೊಂಬೆ ಒಂದು ಸಲ ಹಿಡಿದುಕೊಂಡರೆ ಆ ಮರದ್ದೇ ಆಗುತ್ತದೆ. ಮನುಷ್ಯನ ಮೈ ಹಾಗಲ್ಲ. ಬೇರೆಯವರ ಅಂಗವನ್ನು ಅದು ಕೊನೆತನಕ ಹೊರಗಿನದು ಎಂದೇ ನೋಡುತ್ತದೆ. ಸೋಂಕಿನ ಮೇಲೆ ಯುದ್ಧ ಮಾಡುವ ರಕ್ತದ ಕಣಗಳೇ ಹೊಸ ಲಿವರ್ ಮೇಲೂ ಬೀಳುತ್ತವೆ. ಅವನ್ನು ತಣ್ಣಗಿಡಲು ದಿನಾ ಮಾತ್ರೆ ಬೇಕು.

ಜಗತ್ತಿನ ಮೊದಲ ಲಿವರ್ ಕಸಿಯನ್ನು 1963ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಡಾ. ಥಾಮಸ್ ಸ್ಟಾರ್ಜ್ಲ್ ಮಾಡಿದರು. ಆ ರೋಗಿ ಉಳಿಯಲಿಲ್ಲ. ಕಸಿ ಮಾಡಿಸಿಕೊಂಡವರು ಒಂದು ವರ್ಷ ದಾಟಿ ಬದುಕಿದ್ದು 1967ರ ಶಸ್ತ್ರಚಿಕಿತ್ಸೆಯ ನಂತರ. ಆಮೇಲೂ ಬಹಳ ವರ್ಷ ಸಾವೇ ಹೆಚ್ಚು. ಲೆಕ್ಕ ಬದಲಿಸಿದ್ದು ಮಾತ್ರೆ. ಮೊದಲು ಸೈಕ್ಲೋಸ್ಪೋರಿನ್ ಬಂತು. ಅದು ಸಿಕ್ಕಿದ್ದು ನಾರ್ವೆಯ ಮಣ್ಣಿನ ಒಂದು ಬೂಷ್ಟಿನಲ್ಲಿ. ಆಮೇಲೆ ಟ್ಯಾಕ್ರೋಲಿಮಸ್ ಬಂತು. ಜಪಾನಿನ ತ್ಸುಕುಬಾ ಬೆಟ್ಟದ ಬುಡದ ಮಣ್ಣಿನಲ್ಲಿದ್ದ ಸೂಕ್ಷ್ಮಜೀವಿಯಿಂದ 1984ರಲ್ಲಿ ಅದನ್ನು ಪತ್ತೆ ಮಾಡಿದರು. ಇವತ್ತು ಭಾವ ನುಂಗುವುದು ಅದನ್ನೇ. ‘ಬೆಟ್ಟದ ಮಣ್ಣಿಂದಂತೆ ಭಾವ’ ಎಂದು ಹೇಳಿದಾಗ ಅವರು, ‘ಹಂಗಾದ್ರೆ ಇಷ್ಟು ರೇಟ್ ಯಾಕಯ್ಯಾ?’ ಎಂದರು.

ನಮ್ಮ ದೇಶದಲ್ಲಿ ಮೊದಲ ಯಶಸ್ವಿ ಲಿವರ್ ಕಸಿ ಆದದ್ದು 1998ರ ನವೆಂಬರ್‌ನಲ್ಲಿ, ದೆಹಲಿಯಲ್ಲಿ. ಎರಡು ವರ್ಷ ತುಂಬದ ತಮಿಳುನಾಡಿನ ಮಗು. ಅಪ್ಪ ಲಿವರ್ ಭಾಗ ಕೊಟ್ಟರು. ಆ ಮಗು ಬೆಳೆದು ಈಗ ತಾನೇ ಡಾಕ್ಟರಾಗಿದೆ. ಅದೇ 1998ರಲ್ಲಿ ನ್ಯೂಜಿಲೆಂಡ್ ದೇಶವೂ ಲಿವರ್ ಕಸಿ ಶುರು ಮಾಡಿತು. ಅಲ್ಲಿ ಇಡೀ ದೇಶಕ್ಕೆ ಆಕ್ಲೆಂಡ್‌ನಲ್ಲಿ ಒಂದೇ ಕಸಿ ಘಟಕ. ಒಂದೇ ಕಡೆ ಎಲ್ಲ ಫೈಲೂ ಇದ್ದರೆ ಯಾರು ಹೇಗಿದ್ದಾರೆ ಎಂದು ನೋಡುವುದು ಸುಲಭ. ನಮ್ಮದು ದೊಡ್ಡ ದೇಶ, ಕಸಿ ಮಾಡುವ ಆಸ್ಪತ್ರೆಗಳು ಹಲವು, ಅದರಲ್ಲಿ ಖಾಸಗಿಯವೇ ಹೆಚ್ಚು. 2023ರಲ್ಲಿ ದೇಶದಲ್ಲಿ ಎಲ್ಲ ಅಂಗಗಳೂ ಸೇರಿ 18 ಸಾವಿರಕ್ಕೂ ಹೆಚ್ಚು ಕಸಿ ನಡೆದವು. ಅದರಲ್ಲಿ ಲಿವರ್ 4 ಸಾವಿರಕ್ಕೂ ಹೆಚ್ಚು. ಇಷ್ಟು ಜನ ಆಪರೇಷನ್ ಆದ ಮೇಲೆ ಯಾವ ಯಾವ ಹಳ್ಳಿಗೆ ವಾಪಸ್ ಹೋದರು, ಅಲ್ಲಿ ಏನು ತಿನ್ನುತ್ತಿದ್ದಾರೆ, ಮಾತ್ರೆ ಸಿಗುತ್ತಿದೆಯೇ ಎಂಬುದೇ ನಿಜವಾದ ಸುದ್ದಿ.

ಯುರೋಪಿನಲ್ಲಿ 1968ರಿಂದ ಆದ ಕಸಿಗಳ ದಾಖಲೆಯನ್ನು ಒಟ್ಟಿಗೆ ಇಟ್ಟಿದ್ದಾರೆ. ಅದರ ಲೆಕ್ಕ ಸುಮಾರು ಹೀಗಿದೆ: ನೂರು ಜನರಲ್ಲಿ ಒಂದು ವರ್ಷ ದಾಟಿದವರು 80ಕ್ಕೂ ಹೆಚ್ಚು, ಐದು ವರ್ಷ ದಾಟಿದವರು 70ರ ಆಸುಪಾಸು, ಹತ್ತು ವರ್ಷ ದಾಟಿದವರು 60ರ ಆಸುಪಾಸು. ಇಪ್ಪತ್ತು ವರ್ಷ ದಾಟಿದವರೂ 40ರ ಹತ್ತಿರ ಇದ್ದಾರೆ. ಹಳೇ ಕಾಲದ ಕಸಿಗಳೂ ಈ ಲೆಕ್ಕದಲ್ಲಿವೆ, ಈಚಿನವು ಇನ್ನೂ ವಾಸಿ. ಇದನ್ನು ನೋಡಿ ಕೆಲವರು ‘ಇಷ್ಟೇನಾ’ ಅನ್ನಬಹುದು. ಕಸಿ ಇಲ್ಲದಿದ್ದರೆ ನಮ್ಮ ಭಾವನಿಗೆ ಡಾಕ್ಟರು ಹೇಳಿದ್ದು ಆರು ತಿಂಗಳು.

ಕೊಬ್ಬರಿ ಬಿದ್ದ ವರ್ಷ

ಮೊದಲ ವರ್ಷ ಭಾವನ ಮಾತ್ರೆ ಖರ್ಚು ತಿಂಗಳಿಗೆ ಹದಿನೈದು ಸಾವಿರ ದಾಟುತ್ತಿತ್ತು. ಆಮೇಲೆ ಡೋಸ್ ಇಳಿಯಿತು. ಈಗ ಐದಾರು ಸಾವಿರ. ಇದಕ್ಕೆ ರಕ್ತ ಪರೀಕ್ಷೆ ಬೇರೆ. ಟ್ಯಾಕ್ರೋಲಿಮಸ್ ರಕ್ತದಲ್ಲಿ ಹೆಚ್ಚಾದರೆ ಕಿಡ್ನಿಗೆ ಪೆಟ್ಟು, ಕಡಿಮೆಯಾದರೆ ಲಿವರ್‌ಗೆ ಪೆಟ್ಟು. ಅದಕ್ಕೇ ಅದರ ಮಟ್ಟ ನೋಡುತ್ತಿರಬೇಕು. ಈ ಪರೀಕ್ಷೆಗೆ ಬೆಳಗಿನ ಮಾತ್ರೆ ನುಂಗುವ ಮೊದಲೇ ರಕ್ತ ಕೊಡಬೇಕು. ಮೊದಲೆಲ್ಲ ಭಾವ ಮಾತ್ರೆಯನ್ನು ಜೇಬಿನಲ್ಲಿಟ್ಟುಕೊಂಡು ಅರಸೀಕೆರೆ ಜಂಕ್ಷನ್‌ನಲ್ಲಿ ಕತ್ತಲಲ್ಲೇ ರೈಲು ಹತ್ತುತ್ತಿದ್ದರು. ಬೆಂಗಳೂರಲ್ಲಿ ರಕ್ತ ಕೊಟ್ಟು ಆಮೇಲೆ ಮಾತ್ರೆ, ಆಮೇಲೆ ಇಡ್ಲಿ. ಈಗ ಹಾಸನದ ಲ್ಯಾಬೊಂದು ಸ್ಯಾಂಪಲ್ ತೆಗೆದು ಕಳಿಸುತ್ತದೆ. ಒಂದು ದಿನದ ಕೂಲಿ, ಒಂದು ಪ್ರಯಾಣ ಉಳಿಯಿತು.

2023ರಲ್ಲಿ ಕೊಬ್ಬರಿ ಬಿತ್ತು. ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ ಇದ್ದರೆ ಮಾರುಕಟ್ಟೆಯಲ್ಲಿ ಅದರ ಹತ್ತಿರವೂ ಇರಲಿಲ್ಲ. ತಿಪಟೂರು, ಅರಸೀಕೆರೆಯಲ್ಲಿ ರೈತರು ಬೀದಿಗಿಳಿದರು, ನಾನು ಆ ಸುದ್ದಿಯನ್ನೂ ಕಳಿಸಿದೆ. ಅದೇ ವರ್ಷ ಭಾವನ ಮಗ ಪಿಯುಸಿ ಮುಗಿಸಿ ಕಾಲೇಜು ಸೇರಿದ. ಫೀಸು ಕಟ್ಟಬೇಕು. ಭಾವ ಯಾರಿಗೂ ಹೇಳದೆ ರಾತ್ರಿ ಮಾತ್ರೆ ನಿಲ್ಲಿಸಿದರು. ‘ಮೈ ಚೆನ್ನಾಗೇ ಐತಲ್ಲ’ ಎಂಬುದು ಅವರ ಲೆಕ್ಕ.

ಎರಡು ತಿಂಗಳು ಏನೂ ಆಗಲಿಲ್ಲ. ಇದೇ ಇದರ ಮೋಸ. ಮೈ ಒಳಗೆ ಲಿವರನ್ನು ತಿರಸ್ಕರಿಸಲು ಶುರು ಮಾಡಿದರೂ ಹೊರಗೆ ನೋವಿಲ್ಲ, ಜ್ವರವಿಲ್ಲ. ಮೂರನೇ ತಿಂಗಳು ಸುಸ್ತು, ಕಣ್ಣಲ್ಲಿ ಹಳದಿ. ಅಕ್ಕ ಮಾತ್ರೆ ಡಬ್ಬಿ ಎಣಿಸಿದಳು. ಮಾತ್ರೆ ಹೆಚ್ಚಿತ್ತು.

ಅವಳು ಆ ದಿನ ಭಾವನಿಗೆ ಹೇಳಿದ ಮಾತನ್ನು ನಾನು ಮರೆಯುವುದಿಲ್ಲ. ಕೂಗಾಡಲಿಲ್ಲ. ‘ನಾನು ಕೊಟ್ಟದ್ದನ್ನ ನೀವು ಬಿಸಾಕೋ ಹಂಗಿದ್ರೆ ಮೊದ್ಲೇ ಹೇಳ್ಬೇಕಿತ್ತು’ ಎಂದು ಹೇಳಿ ಒಳಗೆ ಹೋಗಿ ಬಟ್ಟೆ ತುಂಬಿಕೊಂಡಳು. ಆಸ್ಪತ್ರೆಗೆ ಹೊರಡಲು.

ಹದಿನಾರು ದಿನ ಆಸ್ಪತ್ರೆ. ಸೂಜಿ ಹಾಕಿ ಲಿವರಿನ ಚೂರು ತೆಗೆದು ನೋಡಿದರು, ಸ್ಟೀರಾಯ್ಡ್ ಕೊಟ್ಟರು. ಲಿವರ್ ಉಳಿಯಿತು. ಭಾವ ಉಳಿಸಲು ಹೋದ ದುಡ್ಡಿನ ಹತ್ತರಷ್ಟು ಖರ್ಚಾಯಿತು. ಆ ಸ್ಟೀರಾಯ್ಡಿನಿಂದ ಶುಗರ್ ಏರಿತು, ಈಗ ಇನ್ಸುಲಿನ್ ಚುಚ್ಚಿಕೊಳ್ಳುತ್ತಾರೆ.

ಕಸಿ ಆದವರಿಗೆ ಮುಂದಿನ ವರ್ಷಗಳಲ್ಲಿ ಬರುವ ತೊಂದರೆಗಳು ಬಹುಪಾಲು ಹೀಗೆಯೇ: ಕಿಡ್ನಿ ಸೋಲುವುದು, ಶುಗರ್, ಬಿಪಿ, ಮೂಳೆ ಸವೆತ, ಟಿಬಿಯಂಥ ಸೋಂಕು, ಕೆಲವು ಬಗೆಯ ಕ್ಯಾನ್ಸರ್, ಪಿತ್ತದ ನಾಳ ಕಟ್ಟುವುದು, ಹಳೇ ಕಾಯಿಲೆಯೇ ಹೊಸ ಲಿವರ್‌ಗೆ ಮರಳುವುದು. ಇದರಲ್ಲಿ ಬಹಳಷ್ಟನ್ನು ಹಳ್ಳಿಯಲ್ಲಿದ್ದುಕೊಂಡೇ ಕಾಯಬಹುದು. ಬಿಪಿ, ಶುಗರ್ ನೋಡಲು ಬೆಂಗಳೂರೇ ಬೇಕಿಲ್ಲ.

ನಮ್ಮ ಕಡೆ ಮುಖ್ಯವಾಗಿ ಗೊತ್ತಿರಬೇಕಾದ ಕೆಲವು ಮಾತು. ಮಂಡಿನೋವು, ಸೊಂಟನೋವಿಗೆ ಅಂಗಡಿಯಲ್ಲಿ ಕೇಳಿ ನುಂಗುವ ನೋವಿನ ಮಾತ್ರೆ, ಡೈಕ್ಲೋಫಿನ್ಯಾಕ್ ಇಂಜೆಕ್ಷನ್ ಇವರಿಗೆ ಕೂಡದು, ಕಿಡ್ನಿ ಹೋಗುತ್ತದೆ. ಕೆಲವು ಆ್ಯಂಟಿಬಯಾಟಿಕ್, ಟಿಬಿ ಮಾತ್ರೆ, ಫಂಗಸ್ ಮಾತ್ರೆಗಳು ಟ್ಯಾಕ್ರೋಲಿಮಸ್ ಮಟ್ಟವನ್ನು ಏರಿಸುತ್ತವೆ ಇಲ್ಲವೇ ಇಳಿಸುತ್ತವೆ. ಯಾವ ಡಾಕ್ಟರ ಹತ್ತಿರ ಹೋದರೂ ಮೊದಲ ಮಾತು ‘ನನಗೆ ಲಿವರ್ ಕಸಿ ಆಗಿದೆ’ ಎಂದಿರಬೇಕು. ನಾಟಿ ಔಷಧ, ಅಮೃತಬಳ್ಳಿ ಕಷಾಯ ‘ಶಕ್ತಿ ಬರುತ್ತೆ’ ಎಂದು ಕೊಡುವವರಿದ್ದಾರೆ. ರೋಗನಿರೋಧಕ ಶಕ್ತಿ ಏರಿಸುವುದೇ ಇಲ್ಲಿ ಅಪಾಯ. ಇನ್ನೊಂದು, ಚಕ್ಕೋತ ಹಣ್ಣು. ಮನೆ ಹಿತ್ತಲಲ್ಲಿ ಬೆಳೆದದ್ದು, ಏನಾಗುತ್ತದೆ ಎನ್ನಬೇಡಿ. ಚಕ್ಕೋತ ತಿಂದರೆ ರಕ್ತದಲ್ಲಿ ಈ ಮಾತ್ರೆಯ ಮಟ್ಟ ಏರುತ್ತದೆ. ಭಾವನ ಹಿತ್ತಲಿನ ಚಕ್ಕೋತವೆಲ್ಲ ಈಗ ನಮ್ಮ ಮನೆಗೆ ಬರುತ್ತದೆ.

ಕೊಟ್ಟವಳ ಫೈಲ್ ಎಲ್ಲಿ?

ಅಕ್ಕನಿಂದ ತೆಗೆದದ್ದು ಲಿವರಿನ ಬಲಭಾಗ, ಅರ್ಧಕ್ಕೂ ಹೆಚ್ಚು. ಲಿವರ್ ಮತ್ತೆ ಬೆಳೆಯುತ್ತದೆ. ಕೆಲವು ತಿಂಗಳಲ್ಲಿ ಹೆಚ್ಚುಕಡಿಮೆ ಮೊದಲಿನ ಗಾತ್ರಕ್ಕೆ ಬರುತ್ತದೆ. ಹಾಗೆಂದು ಇದು ಹಲ್ಲು ಕೀಳಿಸಿದಂತಲ್ಲ. ಸಾವಿರ ದಾನಿಗಳಲ್ಲಿ ಒಬ್ಬಿಬ್ಬರಿಂದ ಐವರವರೆಗೆ ಪ್ರಾಣಾಪಾಯ ಆಗುವ ಕೆಲಸ. ಇದನ್ನು ಅಕ್ಕನಿಗೆ ಮೊದಲೇ ಹೇಳಿದ್ದರು. ‘ಹೆರಿಗೇಲೂ ಸಾಯ್ತಾರೆ’ ಎಂದಿದ್ದಳು.

ಏಳು ವರ್ಷದಲ್ಲಿ ಭಾವನ ಫೈಲು ಮೂರು ಕವರ್ ತುಂಬಿದೆ. ಅಕ್ಕನದು ಒಂದು ಪ್ಲಾಸ್ಟಿಕ್ ಕವರ್, ಕೊನೇ ಚೀಟಿ 2019ರದ್ದು. ಹೊಟ್ಟೆಯ ಗಾಯ ಮಾದಿದ ಕಡೆ ಮಳೆಗಾಲದಲ್ಲಿ ಸೆಳೆಯುತ್ತದೆ ಎನ್ನುತ್ತಾಳೆ. ಆಪರೇಷನ್ ಆದ ವರ್ಷವೇ ಹಾಲು ಕರೆಯಲು ಕೂತಳು, ಹುಲ್ಲಿನ ಹೊರೆ ಹೊತ್ತಳು. ಹೊರದೆ ಇನ್ನೇನು? ಹೊರುವವರು ಆಸ್ಪತ್ರೆಯಲ್ಲಿದ್ದರು. ದೇಶದಲ್ಲಿ ಬದುಕಿದ್ದು ಅಂಗ ಕೊಡುವವರಲ್ಲಿ ಹೆಚ್ಚಿನವರು ಹೆಂಗಸರು. ಹೆಂಡತಿ, ತಾಯಿ, ಅಕ್ಕ, ತಂಗಿ. ಅವರ ಐದನೇ ವರ್ಷ, ಹತ್ತನೇ ವರ್ಷ ಹೇಗಿದೆ ಎಂದು ಕೇಳುವುದೂ ಕಸಿಯ ಲೆಕ್ಕದಲ್ಲೇ ಸೇರಬೇಕು.

ಈ ವರ್ಷ ಯುಗಾದಿ ಆದ ಮೇಲೆ ನಾನೇ ಕರೆದುಕೊಂಡು ಹೋಗಿ ಸ್ಕ್ಯಾನ್, ರಕ್ತ ಪರೀಕ್ಷೆ ಮಾಡಿಸಿದೆ. ಎಲ್ಲ ಸರಿಯಿದೆ. ರಕ್ತ ಕಡಿಮೆ ಇದೆ, ಕಬ್ಬಿಣದ ಮಾತ್ರೆ ಕೊಟ್ಟರು. ‘ಇಷ್ಟಕ್ಕೆ ಒಂದು ದಿನ ಹಾಳು’ ಎಂದಳು. ಆದರೆ ಬಸ್ಸಲ್ಲಿ ಬರುವಾಗ ಆ ರಿಪೋರ್ಟನ್ನು ಎರಡು ಸಲ ತೆಗೆದು ನೋಡಿದಳು.

ಬೇಲೂರು ಕಡೆಯ ಹುಡುಗಿ

ಬೇಲೂರು ಕಡೆ ಕಾಫಿ ತೋಟದ ಲೈನ್ ಮನೆಯಲ್ಲಿರುವ ಒಂದು ಕುಟುಂಬ ನನಗೆ ಪರಿಚಯ. ಮಗಳಿಗೆ ಹುಟ್ಟಿದಾಗಲೇ ಪಿತ್ತನಾಳ ಇರಲಿಲ್ಲ. ದೇಶದ ಮೊದಲ ಕಸಿಯ ಮಗುವಿಗೂ ಇದ್ದದ್ದು ಇದೇ ಕಾಯಿಲೆ. ಮಗುವಿಗೆ ವರ್ಷ ತುಂಬುವ ಮೊದಲು ತಾಯಿಯ ಲಿವರಿನ ಚಿಕ್ಕ ಚೂರು ಹಾಕಿದರು. ಈಗ ಆ ಹುಡುಗಿ ಹೈಸ್ಕೂಲು ಹತ್ತಿರ ಬಂದಿದ್ದಾಳೆ, ಕೊಕ್ಕೊ ಆಡುತ್ತಾಳೆ.

ಈ ಕಾಯಿಲೆಯ ಗುರುತನ್ನು ಪ್ರತಿ ಮನೆಯವರೂ ತಿಳಿದಿರಬೇಕು. ಹುಟ್ಟಿದ ಮಗುವಿನ ಹಳದಿ ಎರಡು ವಾರ ಕಳೆದರೂ ಹೋಗದಿದ್ದರೆ, ಮಲ ಸುಣ್ಣದ ಹಾಗೆ ಬೆಳ್ಳಗಿದ್ದರೆ, ‘ಬಿಸಿಲಿಗೆ ಹಿಡೀರಿ ಹೋಗುತ್ತೆ’ ಎಂದು ಕಾಯಬೇಡಿ. ಎರಡು ತಿಂಗಳೊಳಗೆ ಗೊತ್ತಾದರೆ ಒಂದು ಆಪರೇಷನ್ ಮಾಡಿ ಮಗುವಿನ ಸ್ವಂತ ಲಿವರನ್ನೇ ಉಳಿಸಲು ಅವಕಾಶ ಹೆಚ್ಚು. ಈ ಹುಡುಗಿಯದು ಗೊತ್ತಾದದ್ದು ಐದನೇ ತಿಂಗಳಿಗೆ.

ಹೋದ ವರ್ಷ ಶಾಲೆಯಲ್ಲಿ ಮಕ್ಕಳಿಗೆ ಅಮ್ಮ ಬಂತು. ಅಮ್ಮ ಬಂದರೆ ನಮ್ಮ ಕಡೆ ಡಾಕ್ಟರ ಹತ್ತಿರ ಹೋಗುವುದಿಲ್ಲ, ಬೇವಿನ ಸೊಪ್ಪು, ಮಡಿ. ಈ ಹುಡುಗಿಗೆ ಮಾತ್ರ ಹಾಗೆ ಕೂರುವಂತಿಲ್ಲ. ರೋಗನಿರೋಧಕ ಶಕ್ತಿ ತಗ್ಗಿಸಿರುವ ಮೈಗೆ ಸೀತಾಳೆ ಸಿಡುಬು ಪ್ರಾಣಕ್ಕೆ ಬರಬಹುದು. ಪಕ್ಕದ ಬೆಂಚಿನ ಹುಡುಗನಿಗೆ ಗುಳ್ಳೆ ಎದ್ದ ದಿನವೇ ತಾಯಿ ಫೋನು ಮಾಡಿ, ರಾತ್ರಿ ಬಸ್ಸಿಗೆ ಮಗಳನ್ನು ಕರೆದುಕೊಂಡು ಹೋದಳು. ಅತ್ತೆ ಬೈದರು, ದೇವರಿಗೆ ಕೋಪ ಬರುತ್ತದೆ ಎಂದರು. ‘ಅಮ್ಮನಿಗೆ ಕೈ ಮುಗ್ದೇ ಹೋಗ್ತಿದೀನಿ ಅತ್ತೆ’ ಎಂದಳಂತೆ.

ಇನ್ನು ನಾಲ್ಕೈದು ವರ್ಷ ಕಷ್ಟದ ಕಾಲ ಎಂದು ಡಾಕ್ಟರು ಆ ತಾಯಿಗೆ ಹೇಳಿದ್ದಾರೆ. ಹರೆಯಕ್ಕೆ ಬಂದ ಮಕ್ಕಳು ಮಾತ್ರೆ ಬಿಡುತ್ತಾರೆ. ಬೇರೆಯವರ ಹಾಗೆ ಇರಬೇಕು ಅನ್ನಿಸುತ್ತದೆ. ಎಲ್ಲ ದೇಶದಲ್ಲೂ ಹೀಗೇ ಅಂತೆ.

ಹಳೇಬೀಡಿನ ತಾಯಿಯ ಪ್ರಶ್ನೆ

ಅರಸೀಕೆರೆ ಗಡಿ ದಾಟಿದರೆ ಕಡೂರು ತಾಲ್ಲೂಕಿನ ಪಂಚನಹಳ್ಳಿ. ನಟ ಸಂಚಾರಿ ವಿಜಯ್ ಅವರ ಊರು. 2021ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಬೈಕ್ ಅಪಘಾತವಾಗಿ ಅವರ ಮೆದುಳು ಸತ್ತಾಗ ಮನೆಯವರು ಅಂಗಾಂಗ ದಾನ ಮಾಡಿದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ ಅವರ ಕಣ್ಣುಗಳು ನಾಲ್ವರಿಗೆ ಬೆಳಕಾದವು. ನಮ್ಮ ಕಡೆ ಬಹಳ ಜನ ಅಂಗಾಂಗ ದಾನ ಎಂಬ ಮಾತನ್ನು ಮನಸ್ಸಿಟ್ಟು ಕೇಳಿದ್ದು ಆಗಲೇ.

ಎರಡಕ್ಕೂ ವ್ಯತ್ಯಾಸವಿದೆ. ಕಣ್ಣನ್ನು ಉಸಿರು ನಿಂತು ಆರು ಗಂಟೆಯೊಳಗೆ ಮನೆಯಲ್ಲೇ ಬಂದು ತೆಗೆಯಬಹುದು. ಲಿವರ್ ಹಾಗಲ್ಲ. ಮೆದುಳು ಪೂರ್ತಿ ಸತ್ತು, ಯಂತ್ರದ ಸಹಾಯದಿಂದ ಗುಂಡಿಗೆ ಮಾತ್ರ ಬಡಿಯುತ್ತಿರುವಾಗ ಆಸ್ಪತ್ರೆಯಲ್ಲೇ ತೆಗೆಯಬೇಕು. ನಾಲ್ವರು ವೈದ್ಯರ ತಂಡ ಆರು ಗಂಟೆ ಅಂತರದಲ್ಲಿ ಎರಡು ಸಲ ಪರೀಕ್ಷೆ ಮಾಡಿ ಸಹಿ ಹಾಕಬೇಕು. ಮನೆಯವರು ಒಪ್ಪಬೇಕು. ಒಪ್ಪಿದ ಮೇಲಿನ ಖರ್ಚನ್ನು ಮನೆಯವರ ಮೇಲೆ ಹಾಕುವಂತಿಲ್ಲ. 2023ರಲ್ಲಿ ಇಡೀ ದೇಶದಲ್ಲಿ ಹೀಗೆ ಅಂಗ ಕೊಟ್ಟವರು 1,099 ಜನ, ಕರ್ನಾಟಕದಲ್ಲಿ 178.

ಹಳೇಬೀಡು ಹತ್ತಿರದ ಒಂದು ಊರಿನ ತಾಯಿ ಹೀಗೆ ಮಗನನ್ನು ಕೊಟ್ಟವರು. ಬೈಕಿನಲ್ಲಿ ಬಿದ್ದ ಹುಡುಗ. ನಾಲ್ಕು ವರ್ಷದ ಹಿಂದಿನ ಮಾತು. ಆಗ ಅವರ ಮನೆಗೆ ಫೋಟೊಕ್ಕೆ ಹೋಗಿದ್ದೆ. ಮೊನ್ನೆ ಹೊಯ್ಸಳೇಶ್ವರ ದೇವಸ್ಥಾನದ ಕಡೆ ಪ್ರವಾಸಿಗರ ಪಾರ್ಕಿಂಗ್ ಗಲಾಟೆಯ ಸುದ್ದಿಗೆ ಹೋದಾಗ ಸಿಕ್ಕರು. ಅಲ್ಲೇ ಹೂವು ಕಟ್ಟಿ ಮಾರುತ್ತಾರೆ. ಗುರುತು ಹಿಡಿದು, ‘ಅಪ್ಪಾ, ನೀವು ಪೇಪರ್ನೋರಲ್ವಾ? ಒಂದು ಮಾತು ಕೇಳ್ಲಾ?’ ಎಂದರು.

‘ನಮ್ಮುಡುಗಂದು ಲಿವರು ಯಾರಿಗೋ ಹಾಕುದ್ರಲ್ಲ. ಅವ್ರು ಇನ್ನೂ ಇದಾರಾ?’

ಪಡೆದವರ ಹೆಸರನ್ನು ಕೊಟ್ಟವರಿಗೆ ಹೇಳುವುದಿಲ್ಲ, ಕೊಟ್ಟವರದ್ದನ್ನು ಪಡೆದವರಿಗೂ ಹೇಳುವುದಿಲ್ಲ. ದುಡ್ಡು ಕೇಳುವುದು, ಋಣದ ಭಾರ ಹೊರಿಸುವುದು ಆಗಬಾರದೆಂದು ಈ ಗುಟ್ಟು. ಅದನ್ನು ಹೇಳಿದೆ.

‘ಹೆಸ್ರು ಬ್ಯಾಡಪ್ಪಾ. ಊರೂ ಬ್ಯಾಡ. ಇದಾರಾ ಇಲ್ವಾ, ಅಷ್ಟೇ.’

ನನಗೆ ಗೊತ್ತಿದ್ದ ಲೆಕ್ಕ ಹೇಳಿದೆ. ಹತ್ತು ಜನಕ್ಕೆ ಹಾಕಿದರೆ ಐದು ವರ್ಷ ಆದ ಮೇಲೂ ಏಳು ಜನ ಇರುತ್ತಾರಂತೆ ಎಂದೆ. ಅವರು ಹೂವು ಕಟ್ಟುತ್ತಲೇ ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಏಳ್ರಲ್ಲಿ ನಮ್ದು ಇರ್ಬೋದು’ ಎಂದರು. ಅದು ಪ್ರಶ್ನೆಯೋ ಸಮಾಧಾನವೋ ತಿಳಿಯಲಿಲ್ಲ. ಅಷ್ಟರಲ್ಲಿ ಗಿರಾಕಿ ಬಂದರು.

ಬ್ರಿಟನ್ನಿನಲ್ಲಿ ಹೆಸರು ಹೇಳದೆ, ಇಂಥ ವಯಸ್ಸಿನ ಒಬ್ಬರಿಗೆ ಹಾಕಿದೆವು, ಅವರು ಹೀಗಿದ್ದಾರೆ ಎಂದು ದಾನಿಯ ಮನೆಗೆ ಪತ್ರ ಬರೆಯುವ ಪದ್ಧತಿ ಇದೆ. ತಮಿಳುನಾಡು 2023ರಿಂದ ಅಂಗಾಂಗ ದಾನಿಗಳ ಅಂತ್ಯಕ್ರಿಯೆಗೆ ಸರ್ಕಾರಿ ಗೌರವ ಕೊಡುತ್ತಿದೆ. ಗೌರವ ಬೇಕು. ಅದರ ಜೊತೆಗೆ ವರ್ಷಕ್ಕೊಂದು ಸಲ ಕನ್ನಡದಲ್ಲಿ ಎರಡು ಸಾಲಿನ ಸಂದೇಶ ಆ ತಾಯಿಯ ಫೋನಿಗೆ ಬರಲಿ. ‘ಇದ್ದಾರೆ’ ಎಂದರೆ ಆ ಮನೆ ಇನ್ನೊಂದು ವರ್ಷ ನೆಮ್ಮದಿಯಿಂದ ಕಳೆಯುತ್ತದೆ. ‘ತೀರಿಕೊಂಡರು, ಆದರೆ ಮೂರು ವರ್ಷ ಬದುಕಿದ್ದರು’ ಎಂದರೂ ಅದು ಉತ್ತರವೇ. ಉತ್ತರ ಸಿಗದೆ ಇರುವುದಕ್ಕಿಂತ ವಾಸಿ.

ಕೇಳಬೇಕಾದದ್ದು

ಅಂಗಾಂಗ ದಾನ ಮಾಡಿ ಎಂದು ಎಲ್ಲರೂ ಹೇಳುತ್ತಾರೆ, ಆಗಸ್ಟ್ 3ಕ್ಕೆ ಅಂಗಾಂಗ ದಾನ ದಿನವೂ ಇದೆ. ನಾನೂ ಹೇಳುತ್ತೇನೆ. ಅದರ ಜೊತೆಗೆ ನಾವು ಹಳ್ಳಿಯವರು ಕೇಳಬೇಕಾದ ಇನ್ನೂ ಎರಡು ಮೂರು ವಿಷಯಗಳಿವೆ.

ಕಸಿ ಮಾಡಿಸಲು ಹೋದವರು ಆಸ್ಪತ್ರೆಯಲ್ಲಿ ‘ಎಷ್ಟು ಖರ್ಚು’ ಎಂದು ಕೇಳಿದ ಮೇಲೆ ‘ಇಲ್ಲಿ ಕಸಿ ಆದವರಲ್ಲಿ ಐದು ವರ್ಷ ದಾಟಿದವರು ನೂರಕ್ಕೆ ಎಷ್ಟು’ ಎಂದೂ ಕೇಳಿ. ಕೇಳುವುದು ತಪ್ಪಲ್ಲ. ‘ಆಮೇಲೆ ಮಾತ್ರೆಗೆ ತಿಂಗಳಿಗೆ ಎಷ್ಟು, ಯೋಜನೆಯ ದುಡ್ಡು ಎಷ್ಟು ದಿನ ಬರುತ್ತದೆ’ ಎಂದೂ ಕೇಳಿ. ಆಪರೇಷನ್‌ಗೆ ಜಮೀನು ಮಾರಿದವರು ಮಾತ್ರೆಗೆ ಏನು ಮಾರುತ್ತಾರೆ? ಅದನ್ನು ಮೊದಲೇ ಕೂತು ಲೆಕ್ಕ ಹಾಕಬೇಕು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಸರ್ಕಾರದ್ದೇ ಅಂಗಾಂಗ ಕಸಿ ಸಂಸ್ಥೆ ಇದೆ, ಅಲ್ಲೂ ಹೋಗಿ ವಿಚಾರಿಸಿ. ಯೋಜನೆಗಳ ವಿವರಕ್ಕೆ 104 ಆರೋಗ್ಯ ಸಹಾಯವಾಣಿ ಇದೆ.

ನಮ್ಮ ಶಾಸಕರನ್ನು, ಜಿಲ್ಲಾ ಆರೋಗ್ಯಾಧಿಕಾರಿಗಳನ್ನು ಕೇಳಬೇಕಾದದ್ದು: ಕಸಿ ಆದವರ ಮಾತ್ರೆ ಜಿಲ್ಲಾ ಕೇಂದ್ರದಲ್ಲೇ, ಬದುಕಿರುವಷ್ಟು ದಿನವೂ ಸಿಗುವಂತೆ ಆಗಲಿ. ಕೊಬ್ಬರಿ ಬೆಲೆ ಬಿದ್ದರೆ ಒಬ್ಬನ ಲಿವರ್ ಬೀಳುವಂತೆ ಇರಬಾರದು. ಕೊಟ್ಟವರ ವರ್ಷದ ತಪಾಸಣೆಯೂ ಪುಕ್ಕಟೆ ಆಗಲಿ.

ನಿಮ್ಮ ಊರಿನಲ್ಲಿ ಲಿವರ್, ಕಿಡ್ನಿ ಕಸಿ ಆದವರು ಯಾರಾದರೂ ಇದ್ದರೆ ‘ಕುಡೀತಿದ್ರಾ’ ಎಂದು ಕೇಳಬೇಡಿ. ಕೆಮ್ಮು, ನೆಗಡಿ ಇದ್ದಾಗ ಅವರ ಮನೆಗೆ ಹೋಗಬೇಡಿ. ಮದುವೆ ಊಟಕ್ಕೆ ಕರೆದರೆ ಬಿಸಿ ಇರುವಾಗಲೇ ಬಡಿಸಿ. ರಾತ್ರಿ ಒಂಬತ್ತಾದರೆ ‘ಮಾತ್ರೆ ಆಯ್ತಾ’ ಎಂದು ಕೇಳಿ. ಕೇಳುವವರು ಇದ್ದಾರೆ ಎಂದು ಗೊತ್ತಾದರೆ ಮಾತ್ರೆ ಬಿಡುವವರು ಕಡಿಮೆಯಾಗುತ್ತಾರೆ.